ಹತ್ತನೇ ಮಹಡಿಯ ಕಿಟಕಿ

ಜೊಹಾನ್ಸ್‌ಬರ್ಗ್ ನಗರದ ಪಶ್ಚಿಮಕ್ಕೆ ಕೊರೊನೇಷನ್‌ವಿಲ್ ಎಂಬ ಬಡಾವಣೆ. 1971ರ ಅಕ್ಟೋಬರ್ 22, ಶುಕ್ರವಾರ. ರಾತ್ರಿ ಹನ್ನೊಂದರ ಹೊತ್ತು. ರಸ್ತೆಗೆ ಅಡ್ಡ ನಿಂತ ಪೊಲೀಸರು ಹೋಗಿ ಬರುವ ವಾಹನಗಳನ್ನು ತಡೆದು ನೋಡುತ್ತಿದ್ದರು. ಹಳದಿ ಬಣ್ಣದ ಫೋರ್ಡ್ ಆಂಗ್ಲಿಯಾ ಕಾರೊಂದು ಬಂತು. ಒಳಗೆ ಇಬ್ಬರು ಯುವಕರು, ಇಬ್ಬರೂ ಭಾರತೀಯ ಮೂಲದವರು. ಪೊಲೀಸರು ಡಿಕ್ಕಿ ತೆಗೆಸಿದರು. ಒಳಗೆ ಬಂದೂಕಿರಲಿಲ್ಲ, ಮದ್ದುಗುಂಡಿರಲಿಲ್ಲ. ಇದ್ದದ್ದು ಕಾಗದ. ನಿಷೇಧಿತ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಮತ್ತು ಕಮ್ಯುನಿಸ್ಟ್ ಪಕ್ಷಗಳ ಕರಪತ್ರಗಳು.

ಕಾರಿನಲ್ಲಿದ್ದ ಒಬ್ಬಾತ ಅಹಮದ್ ತಿಮೋಲ್, ಶಾಲಾ ಮೇಷ್ಟ್ರು. ಇನ್ನೊಬ್ಬ ಸಲೀಂ ಎಸೋಪ್, ವೈದ್ಯಕೀಯ ವಿದ್ಯಾರ್ಥಿ. ಐದು ದಿನ ಕಳೆಯುವುದರೊಳಗೆ ವಿದ್ಯಾರ್ಥಿ ಪ್ರಜ್ಞೆ ತಪ್ಪಿ ಆಸ್ಪತ್ರೆಯ ಹಾಸಿಗೆಯಲ್ಲಿದ್ದ. ಮೇಷ್ಟ್ರು ಜಾನ್ ವೋರ್ಸ್ಟರ್ ಸ್ಕ್ವೇರ್ ಎಂಬ ಪೊಲೀಸ್ ಕಟ್ಟಡದ ಹೊರಗೆ, ನೆಲದ ಮೇಲೆ ಹೆಣವಾಗಿ ಬಿದ್ದಿದ್ದ. ಆತನಿಗೆ ಮೂವತ್ತು ತುಂಬಲು ಇನ್ನೂ ಒಂದು ವಾರವಿತ್ತು.

ಹತ್ತನೇ ಮಹಡಿಯ ಕಿಟಕಿಯಿಂದ ತಾನೇ ಹಾರಿ ಪ್ರಾಣ ಕಳೆದುಕೊಂಡ ಎಂದರು ಪೊಲೀಸರು. ನ್ಯಾಯಾಲಯವೂ ಹೌದೆಂದಿತು. ಹೆತ್ತ ತಾಯಿ ಮಾತ್ರ ಅಲ್ಲವೆಂದರು. ಯಾರ ಮಾತು ನಿಜವೆಂದು ಸರ್ಕಾರಿ ಕಾಗದದ ಮೇಲೆ ಬರೆಸಲು 46 ವರ್ಷ ಬೇಕಾಯಿತು.

ದಕ್ಷಿಣ ಆಫ್ರಿಕಾ ಎಂದರೆ ನಮಗೆ ತಟ್ಟನೆ ನೆನಪಾಗುವುದು ಗಾಂಧೀಜಿ, ಅನಂತರ ಮಂಡೇಲಾ. ಈ ಇಬ್ಬರ ನಡುವೆ ನಮ್ಮ ನೆಲದಿಂದ ವಲಸೆ ಹೋದವರ ಮಕ್ಕಳು ಮೊಮ್ಮಕ್ಕಳು ಅಲ್ಲಿನ ಕಪ್ಪು ಜನರ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿದ ಕತೆ ನಮ್ಮಲ್ಲಿ ಅಷ್ಟಾಗಿ ಹರಡಲಿಲ್ಲ. ಯೂಸುಫ್ ದಾದೂ, ಅಹಮದ್ ಕತ್ರಾಡಾ ಮುಂತಾದ ಹೆಸರುಗಳನ್ನು ಕೆಲವರಾದರೂ ಕೇಳಿರಬಹುದು. ತಿಮೋಲ್ ಹೆಸರು ಕೇಳಿದವರು ಇನ್ನೂ ಕಡಿಮೆ.

ಖೋಲ್ವಾಡದ ಮಗ

ಗುಜರಾತಿನ ಸೂರತ್ ಜಿಲ್ಲೆಯಲ್ಲಿ ಖೋಲ್ವಾಡ ಎಂಬ ಊರಿದೆ. ಅಲ್ಲಿಂದ ಹಡಗು ಹತ್ತಿ ದಕ್ಷಿಣ ಆಫ್ರಿಕಾ ಸೇರಿದ ಮುಸ್ಲಿಂ ವ್ಯಾಪಾರಿ ಕುಟುಂಬಗಳು ಹಲವು. ದಾದೂ ಮನೆತನದ ಮೂಲವೂ ಅದೇ ಊರು. ಹೊರನಾಡಿಗೆ ಹೋದ ಖೋಲ್ವಾಡದವರು ತಮ್ಮವರಿಗಾಗಿ ಮದರಸಾ ಸಂಸ್ಥೆಯೊಂದನ್ನು ಕಟ್ಟಿಕೊಂಡರು. ಜೊಹಾನ್ಸ್‌ಬರ್ಗ್‌ನಲ್ಲಿ 'ಖೋಲ್ವಾಡ ಹೌಸ್' ಎಂಬ ಕಟ್ಟಡವೂ ಎದ್ದಿತು. ಕತ್ರಾಡಾ ವಾಸವಿದ್ದದ್ದು ಆ ಕಟ್ಟಡದ 13ನೇ ಮನೆಯಲ್ಲಿ. ಐವತ್ತರ ದಶಕದಲ್ಲಿ ಹೋರಾಟಗಾರರಿಗೆಲ್ಲ ಅದೊಂದು ತಂಗುದಾಣ.

ಅಹಮದನ ತಂದೆ ಹಾಜಿ ಯೂಸುಫ್ ತಿಮೋಲ್ ಹೀಗೆ ಚಿಕ್ಕಂದಿನಲ್ಲೇ ಊರು ಬಿಟ್ಟು ಬಂದವರು. ಪೂರ್ವ ಟ್ರಾನ್ಸ್‌ವಾಲ್‌ನ ಬ್ರೇಟನ್ ಎಂಬ ಕಲ್ಲಿದ್ದಲ ಸೀಮೆಯ ಪುಟ್ಟ ಪಟ್ಟಣದಲ್ಲಿ 1941ರ ನವೆಂಬರ್ 3ರಂದು ಅಹಮದ್ ಹುಟ್ಟಿದ. ಮುಂದೆ ಕುಟುಂಬ ಜೊಹಾನ್ಸ್‌ಬರ್ಗ್‌ಗೆ ಹತ್ತಿರದ ರೂಡ್‌ಪೋರ್ಟ್‌ಗೆ ಬಂದು ನೆಲೆಸಿತು. ತಂದೆ ದೈವಭಕ್ತರು, ಡಾಕ್ಟರ್ ದಾದೂ ಅವರ ಗೆಳೆಯರೂ ಹೌದು. ಮನೆಯಲ್ಲಿ ನಮಾಜೂ ಇತ್ತು, ರಾಜಕೀಯದ ಮಾತೂ ಇತ್ತು.

ಹುಡುಗನಿಗೆ ಏಳು ವರ್ಷವಾಗುವ ಮುನ್ನವೇ, 1948ರಲ್ಲಿ, ಬಿಳಿಯರ ನ್ಯಾಷನಲ್ ಪಕ್ಷ ಅಧಿಕಾರಕ್ಕೆ ಬಂತು. ಮುಂದಿನ ಕತೆ ಓದುಗರಿಗೆ ತಿಳಿದದ್ದೇ. ಮನುಷ್ಯರನ್ನು ಬಿಳಿಯರು, ಆಫ್ರಿಕನ್ನರು, ಮಿಶ್ರ ವರ್ಣದವರು, ಭಾರತೀಯರು ಎಂದು ವಿಂಗಡಿಸಿ ಯಾರು ಎಲ್ಲಿ ವಾಸಿಸಬೇಕು, ಯಾವ ಶಾಲೆಗೆ ಹೋಗಬೇಕು, ಯಾವ ಬೆಂಚಿನ ಮೇಲೆ ಕೂರಬೇಕು ಎಂದು ಕಾನೂನು ಬರೆದರು. ಅಹಮದ್ ಓದಿದ್ದು ಭಾರತೀಯರಿಗೆಂದೇ ಮೀಸಲಾದ ಪ್ರೌಢಶಾಲೆಯಲ್ಲಿ. ಅಲ್ಲಿ ಎಸೋಪ್ ಪಹಾಡ್ ಮತ್ತು ಅಜೀಜ್ ಪಹಾಡ್ ಎಂಬ ಸಹೋದರರ ಗೆಳೆತನವಾಯಿತು. (ವರ್ಣಭೇದ ಆಡಳಿತ ಅಳಿದ ಮೇಲೆ ಎಸೋಪ್ ಸಚಿವರಾದರು, ಅಜೀಜ್ ವಿದೇಶಾಂಗ ಉಪಸಚಿವರಾದರು.) ಖೋಲ್ವಾಡ ಮದರಸಾ ಕೊಟ್ಟ ವಿದ್ಯಾರ್ಥಿವೇತನದಿಂದ ಶಿಕ್ಷಕರ ತರಬೇತಿ ಮುಗಿಸಿ, ರೂಡ್‌ಪೋರ್ಟ್‌ನ ಭಾರತೀಯ ಶಾಲೆಯಲ್ಲೇ ಮೇಷ್ಟ್ರಾದ. ಕ್ರಿಕೆಟ್ ಹುಚ್ಚು ಬೇರೆ ಇತ್ತು. ಶಾಲಾ ಮಕ್ಕಳಿಗೆ ಅಚ್ಚುಮೆಚ್ಚಿನ ಮೇಷ್ಟ್ರು.

1966ರ ಕೊನೆಯಲ್ಲಿ ಹಜ್ ಯಾತ್ರೆಗೆಂದು ಹೊರಟ ಅಹಮದ್ ಮನೆಗೆ ಮರಳಲಿಲ್ಲ. ದೇಶಭ್ರಷ್ಟರಾಗಿ ಲಂಡನ್ನಿನಲ್ಲಿದ್ದ ದಾದೂ ಅವರೂ ಆ ವರ್ಷ ಹಜ್‌ಗೆ ಬಂದಿದ್ದರು. ಕಮ್ಯುನಿಸ್ಟ್ ನಾಯಕರೊಬ್ಬರು ಮೆಕ್ಕಾದಲ್ಲಿ! ನಮ್ಮ ಓದುಗರಿಗೆ ವಿಚಿತ್ರವೆನಿಸಬಹುದು. ಆ ಸಮುದಾಯದಲ್ಲಿ ಅದು ವಿಚಿತ್ರವಾಗಿರಲಿಲ್ಲ. ಅಲ್ಲಿ ಭೇಟಿಯಾದ ಇಬ್ಬರ ದಾರಿ ಮುಂದೆ ಲಂಡನ್ನಿನಲ್ಲಿ ಕೂಡಿತು. ಲಂಡನ್ ಬಳಿಯ ಸ್ಲೌ ಎಂಬಲ್ಲಿ ವಲಸೆ ಬಂದವರ ಮಕ್ಕಳಿಗೆ ಪಾಠ ಹೇಳಿಕೊಂಡು ಅಹಮದ್ ಸುಮಾರು ಎರಡು ವರ್ಷ ಅಲ್ಲಿದ್ದ. ಪಕ್ಷ ಆತನನ್ನು 1969ರಲ್ಲಿ ಮಾಸ್ಕೋದ ಲೆನಿನ್ ಶಾಲೆಗೆ ಕಳಿಸಿತು. ಅಲ್ಲಿ ಸಹಪಾಠಿಯಾಗಿದ್ದವರು, ಮುಂದೊಂದು ದಿನ ದಕ್ಷಿಣ ಆಫ್ರಿಕಾದ ಅಧ್ಯಕ್ಷರಾಗಲಿದ್ದ ಥಾಬೊ ಎಂಬೆಕಿ.

ಲಂಡನ್ನಿನಲ್ಲಿ ಕೆಲಸವಿತ್ತು, ಗೆಳೆಯರಿದ್ದರು, ಮನಸ್ಸಿಗೆ ಒಪ್ಪಿದ ಹುಡುಗಿಯೂ ಇದ್ದಳು. ಆತ ಅಲ್ಲೇ ಉಳಿದಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಎಷ್ಟೋ ಜನ ಹೋರಾಟಗಾರರು ಹಾಗೆ ಉಳಿದರು, ಉಳಿದು ದೊಡ್ಡ ಕೆಲಸವನ್ನೂ ಮಾಡಿದರು. 1970ರ ಫೆಬ್ರುವರಿಯಲ್ಲಿ ಅಹಮದ್ ತಿಮೋಲ್ ಮಾತ್ರ ಮನೆಗೆ ಮರಳಿದ. ಹಳೇ ಶಾಲೆಯಲ್ಲಿ ಹಳೇ ಕೆಲಸಕ್ಕೆ ಸೇರಿದ. ಹಗಲು ಪಾಠ. ರಾತ್ರಿ ಭೂಗತ ಪಕ್ಷದ ಕೆಲಸ: ಕರಪತ್ರ ಟೈಪು ಮಾಡುವುದು, ಪ್ರತಿ ತೆಗೆಯುವುದು, ಲಕೋಟೆಗೆ ಹಾಕಿ ಅಂಚೆಗೆ ಬಿಡುವುದು, ಗುಪ್ತ ಶಾಯಿಯಲ್ಲಿ ಲಂಡನ್ನಿಗೆ ವರದಿ ಬರೆಯುವುದು.

ಕಾಗದಕ್ಕೆ ಅಷ್ಟೊಂದು ಬೆಲೆಯೇ ಎಂದು ಕೇಳಬಹುದು. ಆ ಕಾಲವನ್ನು ನೆನೆಯಬೇಕು. 1960ರಲ್ಲಿ ಶಾರ್ಪ್‌ವಿಲ್‌ನಲ್ಲಿ ಪೊಲೀಸರು 69 ಜನರನ್ನು ಗುಂಡಿಟ್ಟು ಕೊಂದರು. ಅದರ ಬೆನ್ನಿಗೇ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ನಿಷೇಧವಾಯಿತು. 1964ರಲ್ಲಿ ಮಂಡೇಲಾ, ಸಿಸುಲು, ಕತ್ರಾಡಾ ಮೊದಲಾದವರು ಜೀವಾವಧಿ ಶಿಕ್ಷೆ ಹೊತ್ತು ಜೈಲು ಸೇರಿದರು. ಉಳಿದವರು ದೇಶ ಬಿಟ್ಟರು. ಮಂಡೇಲಾ ಮಾತನ್ನು ಅಚ್ಚು ಹಾಕುವುದೂ ಅಪರಾಧ. ಎಪ್ಪತ್ತರ ಆರಂಭದಲ್ಲಿ ಇಡೀ ದೇಶವನ್ನು ಸ್ಮಶಾನ ಮೌನ ಕವಿದಿತ್ತು. ಆ ಮೌನದಲ್ಲಿ ಮನೆಯ ಅಂಚೆ ಡಬ್ಬಿಗೆ ಬಂದು ಬೀಳುವ ಒಂದು ಹಾಳೆ, 'ನಾವಿನ್ನೂ ಸತ್ತಿಲ್ಲ' ಎಂದು ಸಾರುತ್ತಿತ್ತು. ಸರ್ಕಾರಕ್ಕೆ ಭಯವಿದ್ದದ್ದೂ ಅದಕ್ಕೇ.

1026ನೇ ನಂಬರಿನ ಕೋಣೆ

ಜಾನ್ ವೋರ್ಸ್ಟರ್ ಸ್ಕ್ವೇರ್ ಉದ್ಘಾಟನೆಯಾದದ್ದು 1968ರಲ್ಲಿ. ಜಾನ್ ವೋರ್ಸ್ಟರ್ ಆಗ ಪ್ರಧಾನಿ. ತಮ್ಮದೇ ಹೆಸರಿನ ಪೊಲೀಸ್ ಕಟ್ಟಡವನ್ನು ತಾವೇ ಉದ್ಘಾಟಿಸಿಕೊಂಡ ಪುಣ್ಯವಂತರು. ಹೊರಗೆ ನೀಲಿ ಬಣ್ಣದ ಆಧುನಿಕ ಕಟ್ಟಡ. ಒಂಬತ್ತು ಮತ್ತು ಹತ್ತನೇ ಮಹಡಿಗಳು 'ಸೆಕ್ಯುರಿಟಿ ಬ್ರಾಂಚ್' ಎಂಬ ರಾಜಕೀಯ ಪೊಲೀಸರ ವಶದಲ್ಲಿದ್ದವು.

ಇವರ ಕೈಯಲ್ಲಿದ್ದ ಆಯುಧ 1967ರ ಭಯೋತ್ಪಾದನಾ ಕಾಯ್ದೆಯ 6ನೇ ಕಲಂ. ಅದರಡಿ ಹಿಡಿದವರನ್ನು ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದು. ವಕೀಲರಿಲ್ಲ, ನ್ಯಾಯಾಧೀಶರ ಮುಂದೆ ಹಾಜರುಪಡಿಸುವ ಗೊಡವೆಯಿಲ್ಲ, ತಂದೆತಾಯಿಗೆ ಭೇಟಿಯಿಲ್ಲ. ಒಳಗೆ ಹೋದವನು ಹೊರಜಗತ್ತಿನ ಲೆಕ್ಕದಿಂದಲೇ ಮಾಯ. ಲಾಕಪ್ ಸಾವು ಎಂಬ ಪದ ನಮ್ಮ ಪತ್ರಿಕೆಗಳ ಓದುಗರಿಗೂ ಹೊಸದೇನಲ್ಲ. ಆದರೆ ಅಲ್ಲಿ ಕಾನೂನೇ ಮುಂದೆ ನಿಂತು ಬಾಗಿಲಿಗೆ ಚಿಲಕ ಹಾಕಿಕೊಡುತ್ತಿತ್ತು.

ಅಹಮದ್ ಮತ್ತು ಸಲೀಂ ಅವರನ್ನು ಬೇರೆ ಬೇರೆ ಕೋಣೆಗಳಲ್ಲಿಟ್ಟರು. ಸಲೀಂ ಅನುಭವಿಸಿದ ಹೊಡೆತ, ವಿದ್ಯುತ್ ಶಾಕ್, ನಿದ್ದೆಗೆಡಿಸಿ ನಿಲ್ಲಿಸಿದ ದಿನರಾತ್ರಿಗಳ ವಿವರ ಜಗತ್ತಿಗೆ ಗೊತ್ತಿದೆ. ಏಕೆಂದರೆ ಆತ ಬದುಕುಳಿದ. ನಾಲ್ಕನೇ ದಿನ ಪ್ರಜ್ಞೆ ತಪ್ಪಿದ ಆತನನ್ನು ಆಸ್ಪತ್ರೆಗೆ ಸಾಗಿಸಲೇಬೇಕಾಯಿತು. ಅದಕ್ಕೆ ಮೊದಲು ಒಮ್ಮೆ ಹಜಾರದಲ್ಲಿ, ತಲೆಗೆ ಮುಸುಕು ಹಾಕಿ ಇಬ್ಬರು ಹಿಡಿದು ನಡೆಸಿಕೊಂಡು ಹೋಗುತ್ತಿದ್ದ ಒಬ್ಬನನ್ನು ಸಲೀಂ ಕಂಡ. ಕಾಲು ಎಳೆದು ಹಾಕುತ್ತಿದ್ದ ಆ ಆಕೃತಿ ಅಹಮದನದೇ ಎಂದು ಆತ ಗುರುತು ಹಿಡಿದ. ಅದೇ ಕೊನೆಯ ನೋಟ.

27ರ ಬುಧವಾರ ಏನಾಯಿತು? ಪೊಲೀಸರು ಹೇಳಿದ ಕತೆ ಇದು. 1026ನೇ ನಂಬರಿನ ಕೋಣೆಯಲ್ಲಿ ಕ್ಯಾಪ್ಟನ್ ಗ್ಲಾಯ್ ಮತ್ತು ಕ್ಯಾಪ್ಟನ್ ವ್ಯಾನ್ ನೀಕರ್ಕ್ ತಿಮೋಲ್‌ನ ವಿಚಾರಣೆ ನಡೆಸುತ್ತಿದ್ದರು, ಬಹಳ ಸೌಜನ್ಯದಿಂದ. ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಜೋವೊ ರೋಡ್ರಿಗ್ಸ್ ಎಂಬ ಸಾರ್ಜೆಂಟ್ ಅಲ್ಲಿಗೆ ಬಂದ. ಆತ ಪ್ರಿಟೋರಿಯಾ ಕಚೇರಿಯ ಗುಮಾಸ್ತಗಿರಿಯ ಪೊಲೀಸ್. ಅಧಿಕಾರಿಗಳ ಸಂಬಳದ ಚೆಕ್ಕು ತಂದುಕೊಡಲು ಬಂದವನು. ಜೊತೆಗೆ ಕಾಫಿಯನ್ನೂ ತಂದ. ಸ್ವಲ್ಪ ಹೊತ್ತಿಗೆ ಇಬ್ಬರೂ ಕ್ಯಾಪ್ಟನ್‌ಗಳು ಕೋಣೆಯಿಂದ ಹೊರಗೆ ಹೋದರು. ಕೈದಿಯನ್ನು ನೋಡಿಕೊಳ್ಳಲು ಉಳಿದದ್ದು ರೋಡ್ರಿಗ್ಸ್ ಒಬ್ಬನೇ. ಶೌಚಕ್ಕೆ ಹೋಗಬೇಕೆಂದು ತಿಮೋಲ್ ಕೇಳಿದ. ಇಬ್ಬರೂ ಎದ್ದರು. ಅಡ್ಡವಿದ್ದ ಕುರ್ಚಿ ತಪ್ಪಿಸಿಕೊಂಡು ರೋಡ್ರಿಗ್ಸ್ ಬರುವಷ್ಟರಲ್ಲಿ ತಿಮೋಲ್ ಓಡಿಹೋಗಿ ಕಿಟಕಿ ತೆರೆದು ಧುಮುಕಿಬಿಟ್ಟ.

ಇಡೀ ದೇಶಕ್ಕೇ ಅಪಾಯಕಾರಿ ಎಂದು ಹಿಡಿದು ತಂದ ಕೈದಿಯನ್ನು ಚೆಕ್ಕು ಹಂಚಲು ಬಂದ ಗುಮಾಸ್ತನ ಕೈಗೆ ಒಪ್ಪಿಸಿ ಇಬ್ಬರೂ ಅಧಿಕಾರಿಗಳು ಎದ್ದುಹೋದರು! ಇದನ್ನು ನಂಬಬೇಕು.

ಆ ಸಂಜೆ ಪೊಲೀಸರು ತಿಮೋಲ್ ಮನೆಗೆ ಬಂದು ಸುದ್ದಿ ಹೇಳಿದರು. ರಂಜಾನ್ ತಿಂಗಳು ಆಗತಾನೇ ಆರಂಭವಾಗಿತ್ತು. ಇನ್ನೊಬ್ಬ ಮಗ ಮೊಹಮ್ಮದ್ ಕೂಡ ಅದೇ ದಿನಗಳಲ್ಲಿ ಪೊಲೀಸರ ವಶದಲ್ಲಿದ್ದ. ಅಣ್ಣನ ಅಂತ್ಯಕ್ರಿಯೆಗೆ ಬರಲು ಆತನಿಗೆ ಬಿಡುಗಡೆ ಸಿಗಲಿಲ್ಲ. ಶರೀರವನ್ನು ತೊಳೆದು ಕಫನ್ ಹೊದಿಸಿದವರು ಮೈಮೇಲಿನ ಗಾಯಗಳನ್ನು ಕಂಡರು. 29ರ ಶುಕ್ರವಾರ ರೂಡ್‌ಪೋರ್ಟ್‌ನಲ್ಲಿ ಸಾವಿರಾರು ಜನ ಸೇರಿ ಮಣ್ಣು ಮಾಡಿದರು.

ಇಸ್ಲಾಂ ಧರ್ಮದಲ್ಲಿ ಆತ್ಮಹತ್ಯೆ ಮಹಾಪಾಪ. ಹಾಜಿ ಯೂಸುಫ್ ಮತ್ತು ಹವಾ ತಿಮೋಲ್ ದಂಪತಿಗೆ ಮಗನನ್ನು ಕಳೆದುಕೊಂಡ ದುಃಖ ಒಂದು ಕಡೆ. ಆ ಮಗ ದೇವರು ಕೊಟ್ಟ ಜೀವವನ್ನು ತಾನೇ ಬಿಸಾಡಿದ ಎಂಬ ಮಾತು ಇನ್ನೊಂದು ಕಡೆ. ಪೊಲೀಸರು ಮಗನ ಪ್ರಾಣದ ಜೊತೆಗೆ ಅವನ ನಂಬಿಕೆಯನ್ನೂ ತೆಗೆದುಕೊಂಡಿದ್ದರು. ಹವಾ ಅದನ್ನು ಕಡೆಯವರೆಗೂ ಒಪ್ಪಲಿಲ್ಲ.

'ಯಾರ ತಪ್ಪೂ ಇಲ್ಲ'

ಪೊಲೀಸ್ ವಶದಲ್ಲಿ ಸಾವು ಸಂಭವಿಸಿದರೆ ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಆ ನಿಯಮವನ್ನು ವರ್ಣಭೇದದ ಸರ್ಕಾರ ತಪ್ಪದೆ ಪಾಲಿಸಿತು. ಎಲ್ಲವೂ ಕ್ರಮಬದ್ಧ. ಕುಟುಂಬದ ಪರ ನಿಂತ ವಕೀಲರಲ್ಲಿ ಜಾರ್ಜ್ ಬಿಝೋಸ್ ಒಬ್ಬರು. ಮಂಡೇಲಾ ಅವರ ರಿವೋನಿಯಾ ಮೊಕದ್ದಮೆಯಲ್ಲಿ ವಾದಿಸಿದವರು. ಸಾವಿಗೆ ಮೊದಲೇ, ಅಂದರೆ ಮೇಲಿನಿಂದ ಬೀಳುವುದಕ್ಕೆ ಎಷ್ಟೋ ಹೊತ್ತು ಮುಂಚೆಯೇ, ಆದ ಗಾಯಗಳು ದೇಹದ ಮೇಲಿದ್ದವು ಎಂಬುದಕ್ಕೆ ವೈದ್ಯಕೀಯ ಸಾಕ್ಷ್ಯವಿತ್ತು. ಕುಟುಂಬದ ಪರವಾಗಿ ಡಾಕ್ಟರ್ ಜೊನಾಥನ್ ಗ್ಲುಕ್‌ಮನ್ ಹಾಜರಿದ್ದರು.

1972ರ ಜೂನ್ ತಿಂಗಳಲ್ಲಿ ಮ್ಯಾಜಿಸ್ಟ್ರೇಟ್ ಡಿ ವಿಲಿಯರ್ಸ್ ತೀರ್ಪು ಕೊಟ್ಟರು. ತಿಮೋಲ್ ಆತ್ಮಹತ್ಯೆ ಮಾಡಿಕೊಂಡಿದ್ದಾನೆ. ಆತನ ಸಾವಿಗೆ ಜೀವಂತ ವ್ಯಕ್ತಿಗಳಾರೂ ಹೊಣೆಯಲ್ಲ. ಪೊಲೀಸರು ಆತನನ್ನು ಮಾನವೀಯವಾಗಿ ನಡೆಸಿಕೊಂಡಿದ್ದಾರೆ. ಮೈಮೇಲಿನ ಗಾಯಗಳು ಬಂಧನಕ್ಕೆ ಮೊದಲೇ ಆಗಿರಬಹುದು. ಸಿಕ್ಕಿಬೀಳುವ ಕಮ್ಯುನಿಸ್ಟರು ಗುಟ್ಟು ಬಿಡುವ ಬದಲು ಸಾಯಬೇಕೆಂದು ಪಕ್ಷವೇ ಆಜ್ಞೆ ಮಾಡಿದೆ ಎನ್ನಲು ಪೊಲೀಸರು ಒಂದು ಕಾಗದವನ್ನೂ ಹಾಜರುಪಡಿಸಿದ್ದರು.

'ಯಾರೂ ಹೊಣೆಯಲ್ಲ' ಎಂಬ ಈ ಮಾತು ಆ ದೇಶದ ನ್ಯಾಯಾಲಯಗಳಲ್ಲಿ ಎಷ್ಟು ಬಾರಿ ಕೇಳಿಬಂತೆಂದರೆ, ಬಿಝೋಸ್ 1998ರಲ್ಲಿ ಇಂಥ ಸಾವುಗಳ ಬಗ್ಗೆ ಬರೆದ ಪುಸ್ತಕಕ್ಕೆ ಅದನ್ನೇ ಪ್ರಶ್ನೆಯಾಗಿಸಿ ಹೆಸರಿಟ್ಟರು. 1963ರಿಂದ 1990ರವರೆಗೆ ಬಂಧನದಲ್ಲಿ ಸತ್ತವರು ಎಪ್ಪತ್ತಕ್ಕೂ ಹೆಚ್ಚು. ಒಬ್ಬ ಸ್ನಾನದ ಮನೆಯಲ್ಲಿ ಜಾರಿಬಿದ್ದ, ಇನ್ನೊಬ್ಬ ಸಾಬೂನಿನ ಮೇಲೆ ಕಾಲಿಟ್ಟ, ಮತ್ತೊಬ್ಬ ಮೆಟ್ಟಿಲಿನಿಂದ ಉರುಳಿದ, ಹಲವರು ನೇಣು ಹಾಕಿಕೊಂಡರು. ಪೊಲೀಸರು ಕೊಟ್ಟ ಕಾರಣಗಳ ಪಟ್ಟಿಯೇ ಹಾಗಿತ್ತು. ಕವಿ ಕ್ರಿಸ್ ವ್ಯಾನ್ ವೈಕ್ ಈ ಕಾರಣಗಳನ್ನೇ ಕಲಸಿ ಒಂದು ಪುಟ್ಟ ಕವಿತೆ ಬರೆದರು. ಅಲ್ಲಿನ ಶಾಲಾ ಮಕ್ಕಳಿಗೂ ಅದು ಪರಿಚಿತ. ಕಿಟಕಿಯ ಕತೆಯೂ ಹೊಸದಾಗಿರಲಿಲ್ಲ. 1964ರಲ್ಲಿ ಸುಲೇಮಾನ್ ಸಲೂಜಿ ಎಂಬ ಭಾರತೀಯ ಮೂಲದ ಇನ್ನೊಬ್ಬ ಹೋರಾಟಗಾರ ಜೊಹಾನ್ಸ್‌ಬರ್ಗ್‌ನ ಹಳೆಯ ಪೊಲೀಸ್ ಕಚೇರಿಯ ಏಳನೇ ಮಹಡಿಯಿಂದ 'ಬಿದ್ದು' ಸತ್ತಿದ್ದ. ತಿಮೋಲ್ ಸತ್ತು ಆರು ವರ್ಷಕ್ಕೆ, 1977ರಲ್ಲಿ, ಅದೇ ಜಾನ್ ವೋರ್ಸ್ಟರ್ ಸ್ಕ್ವೇರ್‌ನ ಅದೇ ಹತ್ತನೇ ಮಹಡಿಯಿಂದ ಮ್ಯಾಥ್ಯೂಸ್ ಮಬೆಲಾನೆ ಎಂಬ ಯುವಕ ಬಿದ್ದ. 1971ರಿಂದ 1990ರವರೆಗೆ ಆ ಒಂದೇ ಕಟ್ಟಡ ಬಲಿ ತೆಗೆದುಕೊಂಡ ಬಂಧಿತರು ಎಂಟು ಜನ.

'ಭಾರತೀಯರಿಗೆ ಹಾರಲು ಬರುವುದಿಲ್ಲ' ಎಂಬುದು ಆ ದಿನಗಳ ಪೊಲೀಸರ ನಡುವಿನ ಹಾಸ್ಯವಂತೆ. 2015ರಲ್ಲಿ ಎನ್ವರ್ ಸ್ಯಾಮ್ಯುಯೆಲ್ ತಿಮೋಲ್ ಬಗ್ಗೆ ತೆಗೆದ ಸಾಕ್ಷ್ಯಚಿತ್ರದ ಹೆಸರು 'ಇಂಡಿಯನ್ಸ್ ಕಾಂಟ್ ಫ್ಲೈ'.

ಇನ್ನೊಬ್ಬಾಕೆಯ ಮಾತನ್ನು ಇಲ್ಲಿ ಹೇಳಲೇಬೇಕು. ಹಳದಿ ಆಂಗ್ಲಿಯಾ ಕಾರು ತಿಮೋಲ್‌ನದಲ್ಲ, ಅಮೀನಾ ದೇಸಾಯಿ ಅವರದು. ಗಂಡ ತೀರಿಕೊಂಡ ಮೇಲೆ ಆತನ ವ್ಯಾಪಾರವನ್ನು ತಾವೇ ನಡೆಸಿಕೊಂಡಿದ್ದ ರೂಡ್‌ಪೋರ್ಟ್‌ನ ಮಧ್ಯವಯಸ್ಸಿನ ಹೆಂಗಸು. ಕಾರು ಕೊಟ್ಟ ತಪ್ಪಿಗೆ ಅವರನ್ನೂ ಹಿಡಿದರು. ಸಲೀಂ ಮತ್ತು ಇನ್ನಿಬ್ಬರ ಜೊತೆ ಅವರ ಮೇಲೂ ಮೊಕದ್ದಮೆ ನಡೆದು, 1972ರಲ್ಲಿ ನಾಲ್ವರಿಗೂ ತಲಾ ಐದು ವರ್ಷ ಶಿಕ್ಷೆಯಾಯಿತು. ಐದೂ ವರ್ಷ ಪೂರ್ತಿ ಜೈಲಿನಲ್ಲಿ ಕಳೆದು ಹೊರಬಂದರೆ ಮುಂದೆ ಗೃಹಬಂಧನ ಕಾದಿತ್ತು. ಚರಿತ್ರೆ ಇಂಥವರನ್ನು ಅಡಿಟಿಪ್ಪಣಿಯಲ್ಲಿ ಹಾಕಿ ಮುಂದೆ ಹೋಗುತ್ತದೆ. ಈ ಲೇಖನವೂ ಅದನ್ನೇ ಮಾಡುತ್ತಿದೆ.

ಸೋದರಳಿಯನ ಹಠ

1994ರಲ್ಲಿ ಮಂಡೇಲಾ ಅಧ್ಯಕ್ಷರಾದರು. 1996ರಲ್ಲಿ ಬಿಷಪ್ ಡೆಸ್ಮಂಡ್ ಟುಟು ಅವರ ಸತ್ಯ ಮತ್ತು ಸಂಧಾನ ಆಯೋಗ ಊರೂರಿಗೆ ಹೋಗಿ ನೊಂದವರ ಮಾತು ಕೇಳಿತು. ಜೊಹಾನ್ಸ್‌ಬರ್ಗ್‌ನ ಕಲಾಪದಲ್ಲಿ ವೃದ್ಧೆ ಹವಾ ತಿಮೋಲ್ ಬಂದು ಕುಳಿತು, ಕಾಲು ಶತಮಾನದ ಹಿಂದಿನ ಆ ವಾರವನ್ನು ಹೇಳಿಕೊಂಡರು. ಆಯೋಗದ ನಿಯಮ ಇಷ್ಟೇ: ಅಪರಾಧ ಮಾಡಿದವರು ಮುಂದೆ ಬಂದು ಪೂರ್ತಿ ಸತ್ಯ ಹೇಳಿದರೆ ಕ್ಷಮೆ, ಇಲ್ಲದಿದ್ದರೆ ಮೊಕದ್ದಮೆ. ತಿಮೋಲ್ ಸಾವಿನ ಬಗ್ಗೆ ಕ್ಷಮೆ ಕೇಳಿ ಒಬ್ಬ ಪೊಲೀಸನೂ ಬರಲಿಲ್ಲ. ಮೊಕದ್ದಮೆಯೂ ಬರಲಿಲ್ಲ. ಆಯೋಗ ಸುಮಾರು 300 ಪ್ರಕರಣಗಳನ್ನು ಮುಂದಿನ ಕ್ರಮಕ್ಕೆಂದು ಸರ್ಕಾರಿ ಅಭಿಯೋಜಕರಿಗೆ ಒಪ್ಪಿಸಿತ್ತು. ಅವು ಬಹುಪಾಲು ಕಪಾಟಿನಲ್ಲೇ ಧೂಳು ತಿಂದವು.

1997ರಲ್ಲಿ ಜಾನ್ ವೋರ್ಸ್ಟರ್ ಸ್ಕ್ವೇರ್ ಹೆಸರು ಬದಲಾಗಿ ಜೊಹಾನ್ಸ್‌ಬರ್ಗ್ ಸೆಂಟ್ರಲ್ ಪೊಲೀಸ್ ಠಾಣೆ ಎಂದಾಯಿತು. 1999ರಲ್ಲಿ ಅಜಾದ್‌ವಿಲ್ ಎಂಬ ಊರಿನ ಪ್ರೌಢಶಾಲೆಗೆ ಸ್ವತಃ ಮಂಡೇಲಾ ಬಂದು ಅಹಮದ್ ತಿಮೋಲ್ ಹೆಸರಿಟ್ಟರು. ರೂಡ್‌ಪೋರ್ಟ್‌ನ ಭಾರತೀಯರನ್ನು ಎಬ್ಬಿಸಿ ಕೊಂಡೊಯ್ದು ಹಾಕಿದ ಬಡಾವಣೆ ಅದು. ಬಲವಂತದಿಂದ ಒಕ್ಕಲೆಬ್ಬಿಸಿದವರ ಊರಿಗೆ ಆಜಾದಿಯ ಹೆಸರು! ಮೇಷ್ಟ್ರ ಹೆಸರು ಶಾಲೆಗೆ ಬಂತು. ಆದರೆ ಕಡತದಲ್ಲಿ ಮೇಷ್ಟ್ರು ಇನ್ನೂ ಆತ್ಮಹತ್ಯೆ ಮಾಡಿಕೊಂಡವನೇ.

ಅಹಮದನ ಸೋದರಳಿಯ ಇಮ್ತಿಯಾಜ್ ಕಾಜಿ, ಮಾವ ಸತ್ತಾಗ ಐದು ವರ್ಷದ ಮಗು. ಅಜ್ಜಿಯ ಕಣ್ಣೀರು ನೋಡಿ ಬೆಳೆದವರು. ಕೆಲಸ ಮಾಡಿಕೊಂಡೇ ಬಿಡುವಿನ ವೇಳೆಯಲ್ಲಿ ಹಳೆಯ ಕಾಗದ ಹುಡುಕತೊಡಗಿದರು. ಮಾವನ ಗೆಳೆಯರನ್ನು, ಶಿಷ್ಯರನ್ನು, ಕೊನೆಗೆ ಹಳೆಯ ಪೊಲೀಸರನ್ನೂ ಹುಡುಕಿಕೊಂಡು ಅಲೆದರು. 2005ರಲ್ಲಿ ಮಾವನ ಜೀವನಚರಿತ್ರೆ ಬರೆದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮಾನವ ಹಕ್ಕು ಸಂಘಟನೆಗಳ ವಕೀಲರು, ಖಾಸಗಿ ತನಿಖೆಗಾರರು ಜೊತೆಯಾದರು. ಹೊಸ ಸಾಕ್ಷ್ಯ ಸಿಕ್ಕರೆ ಹಳೆಯ ವಿಚಾರಣೆಯನ್ನು ಹೈಕೋರ್ಟ್ ನ್ಯಾಯಾಧೀಶರ ಮುಂದೆ ಮತ್ತೆ ತೆರೆಯಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ಆ ಬಾಗಿಲನ್ನೇ ಇವರು ವರ್ಷಗಟ್ಟಲೆ ತಟ್ಟಿದರು.

2017ರ ಜೂನ್ ತಿಂಗಳಲ್ಲಿ ನ್ಯಾಯಮೂರ್ತಿ ಬಿಲ್ಲಿ ಮೋಟ್ಲೆ ಅವರ ಮುಂದೆ ಬಾಗಿಲು ತೆರೆಯಿತು. ವಿದೇಶದಲ್ಲಿ ನೆಲೆಸಿದ್ದ ಸಲೀಂ ಎಸೋಪ್ ಬಂದು ಸಾಕ್ಷಿ ಹೇಳಿದರು. ನ್ಯಾಯಮೂರ್ತಿಗಳ ಜೊತೆ ಹತ್ತನೇ ಮಹಡಿ ಹತ್ತಿ, ಎಲ್ಲಿ ಏನಾಯಿತೆಂದು ತೋರಿಸಿದರು. ತೊಂಬತ್ತರ ಅಂಚಿನಲ್ಲಿದ್ದ ಜಾರ್ಜ್ ಬಿಝೋಸ್ ಕೂಡ ಬಂದು, ತಾವು ಸೋತಿದ್ದ ಆ ಹಳೆಯ ವಿಚಾರಣೆಯ ಬಗ್ಗೆ ಹೇಳಿದರು. 1971ರಲ್ಲಿ ಆ ಕಟ್ಟಡದ ಬಳಿ ಇದ್ದವರು ಮನುಷ್ಯನೊಬ್ಬ ಬಿದ್ದದ್ದನ್ನು ತಾವು ಕಂಡದ್ದು ಬೆಳಗಿನ ಹೊತ್ತಿನಲ್ಲಿ ಎಂದರು. ಪೊಲೀಸರ ಕತೆಯಲ್ಲಿ ಅದು ನಡೆದದ್ದು ಮಧ್ಯಾಹ್ನ. ವಿಮಾನ ಎಂಜಿನಿಯರಿಂಗ್ ಓದಿದ ತಜ್ಞರೊಬ್ಬರು, ದೇಹ ಬಿದ್ದ ಜಾಗಕ್ಕೂ ಕಿಟಕಿಗೂ ಲೆಕ್ಕ ಹಾಕಿ, ಓಡಿಬಂದು ಧುಮುಕಿದವನು ಅಲ್ಲಿ ಬೀಳಲಾರ ಎಂದರು.

ಎಲ್ಲಕ್ಕಿಂತ ಬಲವಾದದ್ದು ಇಬ್ಬರು ವಿಧಿವಿಜ್ಞಾನ ವೈದ್ಯರ ಮಾತು. ಹೊಸ ಶವಪರೀಕ್ಷೆಯ ಅಗತ್ಯವೇ ಬರಲಿಲ್ಲ. 1971ರ ಶವಪರೀಕ್ಷೆಯ ವರದಿ, ಚಿತ್ರಗಳು ಇದ್ದವು. ತಲೆಬುರುಡೆ ಮತ್ತು ದವಡೆಗೆ ಆದ ಪೆಟ್ಟು, ಕಣಕಾಲಿನ ಗಾಯ, ಇವು ಬಿದ್ದು ಆದವಲ್ಲ, ಬೀಳುವ ಮೊದಲೇ ಆದವು. ಇಷ್ಟು ಪೆಟ್ಟು ತಿಂದವನು ಕಿಟಕಿಗೆ ಓಡುವುದಿರಲಿ, ಆಸರೆಯಿಲ್ಲದೆ ನಡೆಯುವುದೂ ಕಷ್ಟ ಎಂದರು. 46 ವರ್ಷ ಮೊದಲೇ ಸರ್ಕಾರಿ ವೈದ್ಯರು ಬರೆದಿಟ್ಟಿದ್ದ ಗಾಯಗಳೇ ಅವು. ಕಡತ ಎಲ್ಲವನ್ನೂ ಹೇಳುತ್ತಲೇ ಇತ್ತು. ಓದಬೇಕಾದವರು ಓದಿರಲಿಲ್ಲ ಅಷ್ಟೆ.

ಇಬ್ಬರೂ ಕ್ಯಾಪ್ಟನ್‌ಗಳು ಅಷ್ಟರಲ್ಲಿ ತೀರಿಕೊಂಡಿದ್ದರು. ರೋಡ್ರಿಗ್ಸ್ ಬದುಕಿದ್ದ. ಎಪ್ಪತ್ತೆಂಟರ ಮುದುಕ, ನ್ಯಾಯಾಲಯಕ್ಕೆ ಬಂದು ಅದೇ ಚೆಕ್ಕು, ಅದೇ ಕಾಫಿ, ಅದೇ ಕುರ್ಚಿಯ ಕತೆಯನ್ನು ಮತ್ತೊಮ್ಮೆ ಹೇಳಿದ.

2017ರ ಅಕ್ಟೋಬರ್ 12ರಂದು ಮೋಟ್ಲೆ ತೀರ್ಪು ಓದಿದರು. ತಿಮೋಲ್ ಆತ್ಮಹತ್ಯೆ ಮಾಡಿಕೊಳ್ಳಲಿಲ್ಲ. ಹತ್ತನೇ ಮಹಡಿಯಿಂದಲೋ ಛಾವಣಿಯಿಂದಲೋ ಆತನನ್ನು ತಳ್ಳಲಾಯಿತು. ಮೇಲ್ನೋಟಕ್ಕೆ ಇದು ಕೊಲೆ. 1972ರ ತೀರ್ಪು ರದ್ದು. ಕೊಲೆಯನ್ನು ಮುಚ್ಚಿಹಾಕುವುದರಲ್ಲಿ ರೋಡ್ರಿಗ್ಸ್ ಪಾತ್ರವಿದೆ, ಆತನ ಮೇಲೆ ತನಿಖೆಯಾಗಬೇಕು.

ಆ ದಿನ ನ್ಯಾಯಾಲಯದಲ್ಲಿ ತಮ್ಮ ಮೊಹಮ್ಮದ್ ಇದ್ದರು, ಇಮ್ತಿಯಾಜ್ ಇದ್ದರು. ತಂದೆತಾಯಿ ಇರಲಿಲ್ಲ. ಹವಾ ತಿಮೋಲ್ ಈ ಮಾತನ್ನು ಕೇಳಿಸಿಕೊಳ್ಳದೆಯೇ ಹೋಗಿಬಿಟ್ಟಿದ್ದರು.

2018ರ ಜುಲೈನಲ್ಲಿ ರೋಡ್ರಿಗ್ಸ್ ಮೇಲೆ ಕೊಲೆ ಆರೋಪ ದಾಖಲಾಯಿತು. ನನಗೆ ವಯಸ್ಸಾಗಿದೆ, ನೆನಪು ಮಾಸಿದೆ, ಇಷ್ಟು ವರ್ಷ ಸುಮ್ಮನಿದ್ದು ಈಗ ಮೊಕದ್ದಮೆ ಹೂಡುವುದು ಅನ್ಯಾಯ ಎಂದು ಆತ ತಡೆ ಕೋರಿದ. 2019ರಲ್ಲಿ ಹೈಕೋರ್ಟ್ ಇದನ್ನು ತಳ್ಳಿಹಾಕಿತು. ಮೇಲ್ಮನವಿಯನ್ನು 2021ರ ಜೂನ್‌ನಲ್ಲಿ ಮೇಲಿನ ನ್ಯಾಯಾಲಯವೂ ವಜಾ ಮಾಡಿತು. ಮೊಕದ್ದಮೆಗೆ ಅಡ್ಡವಿದ್ದ ದೊಡ್ಡ ತಡೆ ಸರಿಯಿತು ಎನ್ನುವಾಗ, ಸೆಪ್ಟೆಂಬರ್ 6ರಂದು ರೋಡ್ರಿಗ್ಸ್ ಸತ್ತ. ಶಿಕ್ಷೆ ಯಾರಿಗೂ ಆಗಲಿಲ್ಲ.

ಹಾಗಾದರೆ ಇಮ್ತಿಯಾಜ್ ಗಳಿಸಿದ್ದೇನು? ಈ ಪ್ರಶ್ನೆಗೆ ಉತ್ತರ ಇತರರ ಮನೆಗಳಲ್ಲಿ ಸಿಗುತ್ತದೆ. ಜಾನ್ ವೋರ್ಸ್ಟರ್ ಸ್ಕ್ವೇರ್‌ನಲ್ಲಿ 1982ರಲ್ಲಿ ನೇಣಿನಲ್ಲಿ ಸಿಕ್ಕ ಬಿಳಿಯ ವೈದ್ಯ, ಕಾರ್ಮಿಕ ನಾಯಕ ನೀಲ್ ಆಗೆಟ್ ಅವರ ಕಡತ ತೆರೆಯಿತು; ಅದು ಆತ್ಮಹತ್ಯೆಯಲ್ಲ, ಪೊಲೀಸರೇ ಕೊಂದರು ಎಂದು 2022ರಲ್ಲಿ ತೀರ್ಪು ಬಂತು. 1977ರಲ್ಲಿ ಡರ್ಬನ್‌ನಲ್ಲಿ ಸತ್ತ ಯುವ ದಂತವೈದ್ಯ ಹೂಸೆನ್ ಹಫೇಜಿ, 1969ರಲ್ಲಿ ಕೇಪ್‌ಟೌನ್‌ನಲ್ಲಿ 'ಮೆಟ್ಟಿಲಿನಿಂದ ಉರುಳಿದ' ಇಮಾಮ್ ಅಬ್ದುಲ್ಲಾ ಹಾರೂನ್, ಈ ಇಬ್ಬರ ಹಳೆಯ ತೀರ್ಪುಗಳೂ 2023ರಲ್ಲಿ ಬಿದ್ದುಹೋದವು. ನೊಬೆಲ್ ಪುರಸ್ಕೃತ ಆಲ್ಬರ್ಟ್ ಲುಥುಲಿ ರೈಲಿಗೆ ಸಿಕ್ಕಿ ಸತ್ತರು ಎಂದು 1967ರಿಂದ ನಂಬಿಸಲಾಗಿತ್ತು. ಅವರು ಸತ್ತದ್ದು ಹಲ್ಲೆಯಿಂದ ಎಂದು 2025ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಹೇಳಿತು. ಆಯೋಗ ಒಪ್ಪಿಸಿದ್ದ ಪ್ರಕರಣಗಳು ಕಪಾಟು ಸೇರಿದ್ದು ಹೇಗೆ, ಯಾರ ಒತ್ತಡದಿಂದ ಎಂದು ಕೇಳಿ ಸತ್ತವರ ಕುಟುಂಬಗಳು ಸರ್ಕಾರವನ್ನೇ ಕೋರ್ಟಿಗೆ ಎಳೆದವು. ಸ್ವಾತಂತ್ರ್ಯ ತಂದವರೇ ನಡೆಸುತ್ತಿದ್ದ ಸರ್ಕಾರ ಅದು ಎಂಬುದನ್ನು ಮರೆಯುವಂತಿಲ್ಲ. ಅಧ್ಯಕ್ಷ ರಾಮಫೋಸಾ ಆ ವರ್ಷ ಇದಕ್ಕೊಂದು ತನಿಖಾ ಆಯೋಗ ನೇಮಿಸಬೇಕಾಯಿತು.

ಸ್ಟೀವ್ ಬಿಕೊ ಹೆಸರು ನಮ್ಮಲ್ಲೂ ಗೊತ್ತಿದೆ. 1977ರಲ್ಲಿ ಪೊಲೀಸ್ ವಶದಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತವರು. ಜಗ್ಗಾಟದಲ್ಲಿ ಗೋಡೆಗೆ ತಲೆ ಬಡಿಯಿತು ಎಂದಿದ್ದರು ಪೊಲೀಸರು. ಯಾರೂ ಹೊಣೆಯಲ್ಲ ಎಂದಿದ್ದರು ಮ್ಯಾಜಿಸ್ಟ್ರೇಟ್. ಬಿಕೊ ತೀರಿಕೊಂಡು ಸರಿಯಾಗಿ 48 ವರ್ಷ ತುಂಬಿದ ದಿನ, 2025ರ ಸೆಪ್ಟೆಂಬರ್ 12ರಂದು, ಆ ಕಡತವನ್ನೂ ನ್ಯಾಯಾಲಯದಲ್ಲಿ ಮತ್ತೆ ತೆರೆದರು.